ಅಚೌರ್ಯಾಣುವ್ರತ ಮತ್ತು ಅಂಗಡಿಯ ತಕ್ಕಡಿ

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಶ್ರಾವಕರ ಮನೆಗಳಲ್ಲಿ ನಡೆಯುವ ಸಂಯಮಾಚರಣೆಯನ್ನು ಕಂಡು ನೆರೆಹೊರೆಯವರು ಬೆರಗಾಗುವುದುಂಟು. ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿದಿರುತ್ತದೆ. ನೀರು ಬಟ್ಟೆಯಲ್ಲಿ ಸೋಸಿದ್ದೇ ಆಗಬೇಕು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳು ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಏಕಾಶನ ಮಾಡುವವರು, ಹತ್ತು ದಿನವೂ ನಿರಾಹಾರ ಇರುವವರು ಊರೂರಿನಲ್ಲಿದ್ದಾರೆ. ಅಹಿಂಸಾಣುವ್ರತದ ವಿಷಯದಲ್ಲಿ ಈ ಸಮಾಜ ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿರುವ ಎಚ್ಚರ ಸಣ್ಣದಲ್ಲ. ಆದರೆ ಐದು ಅಣುವ್ರತಗಳ ಸಾಲಿನಲ್ಲಿ ಮೂರನೆಯದಾದ ಅಚೌರ್ಯಕ್ಕೆ ಅದರ ಕಾಲುಭಾಗದಷ್ಟು ಎಚ್ಚರವೂ ದೊರೆತಿಲ್ಲವೆಂದರೆ ತಪ್ಪಾಗಲಾರದು. ಕಾರಣ ಸರಳ. ಕನ್ನ ಕೊರೆಯುವವನು, ಜೇಬು ಕತ್ತರಿಸುವವನು ಬಸದಿಯ ಪ್ರವಚನಕ್ಕೆ ಬಂದು ಕೂರುವುದಿಲ್ಲ. ಬಂದು ಕುಳಿತವರೆಲ್ಲರೂ ಈ ವ್ರತ ತಮ್ಮಲ್ಲಿ ತಾನಾಗಿಯೇ ಪಾಲನೆಯಾಗುತ್ತಿದೆಯೆಂದು ನಂಬಿರುತ್ತಾರೆ.

ಆಚಾರ್ಯ ಉಮಾಸ್ವಾಮಿಗಳು ಹಾಗೆ ನಂಬಿರಲಿಲ್ಲ. ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳಲ್ಲಿ ಏಳನೆಯದು ವ್ರತಗಳಿಗೆ ಮೀಸಲಾದುದು. ಪ್ರತಿಯೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು, ಅಂದರೆ ವ್ರತವನ್ನು ಪೂರ್ತಿಯಾಗಿ ಮುರಿಯದೆಯೇ ಅದಕ್ಕೆ ಕಲೆ ಹಚ್ಚುವ ದೋಷಗಳನ್ನು, ಅವರು ಅಲ್ಲಿ ಎಣಿಸುತ್ತಾರೆ. ಅಚೌರ್ಯದ ಅತಿಚಾರಗಳು ಇವು: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕ ಮಾನೋನ್ಮಾನ ಹಾಗೂ ಪ್ರತಿರೂಪಕ ವ್ಯವಹಾರ. ಈ ಐದರಲ್ಲಿ ಕನ್ನಗಳ್ಳನ ಕೆಲಸವೆಂದು ಕರೆಯಬಹುದಾದ ಒಂದೂ ಇಲ್ಲ. ಎಲ್ಲವೂ ಮರ್ಯಾದಸ್ಥರ ಕೆಲಸಗಳು. ಅಂಗಡಿಯಲ್ಲಿ, ಮಂಡಿಯಲ್ಲಿ, ಕಚೇರಿಯಲ್ಲಿ, ಚುನಾವಣೆಯ ಮುನ್ನಾದಿನದ ಬೀದಿಯಲ್ಲಿ ನಡೆಯತಕ್ಕವು. ದೇಶದ ಆಡಳಿತ, ವ್ಯಕ್ತಿಯ ನೆಮ್ಮದಿ, ನಾಡಿನ ಅಭಿವೃದ್ಧಿ ಎಂದು ಇಂದು ಬೇರೆಬೇರೆಯಾಗಿ ಚರ್ಚಿಸಲಾಗುವ ಮೂರು ವಿಷಯಗಳು ಗೃಹಸ್ಥನ ಈ ಒಂದು ವ್ರತದಲ್ಲಿ ಹೆಣೆದುಕೊಂಡಿವೆ.

ಸ್ತೇನಪ್ರಯೋಗವೆಂದರೆ ಕಳ್ಳನನ್ನು ಕಳವಿಗೆ ಪ್ರೇರಿಸುವುದು. ಸ್ವತಃ ಪ್ರೇರಿಸುವುದು, ಇನ್ನೊಬ್ಬನಿಂದ ಪ್ರೇರಿಸುವುದು, ಪ್ರೇರಿತನಾದವನನ್ನು ಅನುಮೋದಿಸುವುದು ಎಂದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಇದನ್ನು ಮೂರು ಬಗೆಯಾಗಿ ವಿವರಿಸುತ್ತಾರೆ. ಖಾತೆ ಬದಲಾವಣೆಗೋ ಕಟ್ಟಡದ ಪರವಾನಗಿಗೋ ಹೋದವನು, ಕೇಳುವ ಮೊದಲೇ ಲಕೋಟೆಯನ್ನು ಮೇಜಿನ ಮೇಲಿಟ್ಟರೆ ಅದು ಮೊದಲನೆಯ ಬಗೆ. ಮಧ್ಯವರ್ತಿಯ ಮೂಲಕ ಕೊಡಿಸಿದರೆ ಎರಡನೆಯದು. ‘ಪಾಪ, ದುಡ್ಡು ತೆಗೆದುಕೊಂಡರೂ ಕೆಲಸ ಮಾಡಿಕೊಡುತ್ತಾನೆ’ ಎಂದು ಆ ಅಧಿಕಾರಿಯನ್ನು ಹೊಗಳಿದರೆ ಮೂರನೆಯದು. ಲಂಚದ ವಿಷಯದಲ್ಲಿ ಸಮಾಜದ ಸಿಟ್ಟೆಲ್ಲ ತೆಗೆದುಕೊಳ್ಳುವ ಕೈಯ ಮೇಲೆ. ಉಮಾಸ್ವಾಮಿಗಳಾದರೋ ಗೃಹಸ್ಥನಿಗೆ ಉಪದೇಶಿಸುತ್ತಿರುವುದರಿಂದ ಕೊಡುವ ಕೈಯನ್ನೇ ಮೊದಲು ಹಿಡಿಯುತ್ತಾರೆ.

ತದಾಹೃತಾದಾನ ಇನ್ನೂ ಸೂಕ್ಷ್ಮವಾದುದು. ತಾನು ಪ್ರೇರಿಸಿಲ್ಲ, ತನ್ನ ಅನುಮತಿಯೂ ಇಲ್ಲ. ಆದರೂ ಕಳ್ಳನು ತಂದುದನ್ನು ಸ್ವೀಕರಿಸಿದರೆ ವ್ರತಕ್ಕೆ ಕಲೆ ತಗುಲಿತು. ಚುನಾವಣೆಯ ಹಿಂದಿನ ರಾತ್ರಿ ಮನೆಬಾಗಿಲಿಗೆ ಬರುವ ಸೀರೆ, ಕುಕ್ಕರು, ಮಡಿಸಿದ ನೋಟುಗಳು ಯಾವ ಬೆವರಿನಿಂದ ಬಂದವು? ಅಷ್ಟು ಹಣ ಸುರಿಯಬಲ್ಲವನು ಅದನ್ನು ಯಾವ ರಸ್ತೆಯ ಜಲ್ಲಿಯಿಂದ, ಯಾವ ಶಾಲೆಯ ಛಾವಣಿಯಿಂದ ಮರಳಿ ಪಡೆಯುತ್ತಾನೆ? ‘ಎಲ್ಲರೂ ತೆಗೆದುಕೊಳ್ಳುತ್ತಾರೆ, ಮತ ಮಾತ್ರ ಇಷ್ಟ ಬಂದವರಿಗೆ ಹಾಕುತ್ತೇವೆ’ ಎಂಬ ಜಾಣ್ಮೆಯ ಮಾತು ಎಲ್ಲೆಲ್ಲೂ ಕೇಳಿಬರುತ್ತದೆ. ಈ ಅತಿಚಾರದ ಲಕ್ಷಣವನ್ನು ಓದಿದವನಿಗೆ ಆ ಜಾಣ್ಮೆ ಒಗ್ಗುವುದಿಲ್ಲ. ಮತ ಯಾರಿಗೆ ಹೋಯಿತೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಕಳವಿನ ಮಾಲು ಮನೆಯೊಳಗೆ ಬಂದಿತೇ ಎಂಬುದಷ್ಟೇ ಪ್ರಶ್ನೆ.

ಮಾನವೆಂದರೆ ಸೇರು, ಕೊಳಗಗಳಂತೆ ಅಳೆಯುವ ಸಾಧನ. ಉನ್ಮಾನವೆಂದರೆ ತಕ್ಕಡಿಯಲ್ಲಿ ತೂಗುವುದು. ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಎಂಬ ಎರಡು ಬಗೆಯ ಅಳತೆಯನ್ನು ಇಟ್ಟುಕೊಳ್ಳುವುದು ಹೀನಾಧಿಕ ಮಾನೋನ್ಮಾನ. ಕಲ್ಲಿನ ಬೊಟ್ಟುಗಳ ಕಾಲ ಹೋಗಿ ವಿದ್ಯುನ್ಮಾನ ತಕ್ಕಡಿಗಳು ಬಂದವು. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಂತೆ ಅವುಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಹಾಕಲಾಗುತ್ತದೆ. ಆದರೂ ಕೃಷಿಕನ ಮೂಟೆ ಮಂಡಿಗೆ ಬಂದಾಗ ಚೀಲದ ಭಾರವೆಂದು ಒಂದಿಷ್ಟು, ತೇವವೆಂದು ಒಂದಿಷ್ಟು, ಧೂಳು ಕಸವೆಂದು ಮತ್ತೊಂದಿಷ್ಟು ಕಳೆಯುವ ವಾಡಿಕೆ ನಿಂತಿಲ್ಲ. ನಿಜವಾದ ತೇವಕ್ಕೆ ನಿಜವಾದ ಕಡಿತ ಅನ್ಯಾಯವಲ್ಲ. ನೋಡದೆ, ಅಳೆಯದೆ, ರೂಢಿಯೆಂಬ ಒಂದೇ ಕಾರಣಕ್ಕೆ ಕಳೆಯುವುದು ಕೊಡದಿರುವುದನ್ನು ತೆಗೆದುಕೊಂಡಂತೆಯೇ. ಆಗಮಗಳ ದೃಷ್ಟಿಯಲ್ಲಿ ಕಳವು ಎಂದರೆ ಅದೇ.

ಅಳತೆ ವ್ಯಾಪಾರಿಗೆ ಮಾತ್ರ ಸಂಬಂಧಿಸಿದುದೆಂದು ನೌಕರವರ್ಗ ಸಮಾಧಾನಪಟ್ಟುಕೊಳ್ಳಬೇಕಾಗಿಲ್ಲ. ಗಂಟೆಯೂ ಒಂದು ಮಾನವೇ. ಹತ್ತು ಗಂಟೆಗೆ ಆರಂಭವಾಗಬೇಕಾದ ತರಗತಿಗೆ ಹತ್ತೂವರೆಗೆ ಬರುವ ಮೇಷ್ಟ್ರು, ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಹೊರಗೆ ಹೋಗುವ ಗುಮಾಸ್ತ, ಸಂಬಳವನ್ನು ಪೂರ್ಣ ಅಳತೆಯಲ್ಲಿ ಪಡೆದು ಕೆಲಸವನ್ನು ಕಡಿಮೆ ಅಳತೆಯಲ್ಲಿ ಕೊಡುತ್ತಾರೆ. ನಲವತ್ತು ಮಕ್ಕಳ ತರಗತಿಯಲ್ಲಿ ಅರ್ಧ ಗಂಟೆಯ ಕಳವೆಂದರೆ ಇಪ್ಪತ್ತು ಗಂಟೆಗಳ ಕಳವು. ಆ ಮಕ್ಕಳಲ್ಲಿ ಯಾರೊಬ್ಬರೂ ದೂರು ಕೊಡುವುದಿಲ್ಲ. ಮೇಷ್ಟ್ರು ತಡವಾಗಿ ಬಂದರೆ ಅವರಿಗೆ ಖುಷಿಯೇ.

ಪ್ರತಿರೂಪಕ ವ್ಯವಹಾರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೃತ್ರಿಮ ಚಿನ್ನವನ್ನು ಅಸಲೆಂದು ಮಾರುವ ಉದಾಹರಣೆಯನ್ನು ಹಿಂದಿನವರು ಕೊಟ್ಟರು. ಹಾಲಿಗೆ ನೀರು, ಮೆಣಸಿನಪುಡಿಗೆ ಬಣ್ಣ, ತುಪ್ಪಕ್ಕೆ ವನಸ್ಪತಿ, ಕಾಂಕ್ರೀಟಿಗೆ ಬೇಕಾದುದಕ್ಕಿಂತ ಕಡಿಮೆ ಸಿಮೆಂಟು ಎಂದು ಇಂದಿನ ಓದುಗರೇ ಪಟ್ಟಿಯನ್ನು ಬೆಳೆಸಬಲ್ಲರು.

ಉಳಿದುದು ವಿರುದ್ಧರಾಜ್ಯಾತಿಕ್ರಮ. ಪ್ರವಚನಗಳಲ್ಲಿ ಅತಿ ಕಡಿಮೆ ವಿವರಣೆ ಪಡೆಯುವ ಅತಿಚಾರವೂ ಇದೇ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಇದೇ ಸ್ಥಾನದಲ್ಲಿ ‘ವಿಲೋಪ’ ಎಂಬ ಪದವನ್ನು ಬಳಸುತ್ತಾರೆ. ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದು, ಸಲ್ಲಬೇಕಾದ ಸುಂಕವನ್ನು ತಪ್ಪಿಸುವುದು ಎಂಬ ಅರ್ಥವನ್ನು ಇದಕ್ಕೆ ಹೇಳಲಾಗುತ್ತದೆ. ಪೂಜ್ಯಪಾದರ ವಿವರಣೆ ಇನ್ನೊಂದು ಬಾಗಿಲನ್ನು ತೆರೆಯುತ್ತದೆ. ರಾಜ್ಯದಲ್ಲಿ ವ್ಯವಸ್ಥೆ ಕೆಟ್ಟಿರುವಾಗ, ಬೆಲೆಬಾಳುವ ವಸ್ತುಗಳು ಅಗ್ಗಕ್ಕೆ ದಕ್ಕುತ್ತವೆಂದು ಉಚಿತ ನ್ಯಾಯವನ್ನು ಬಿಟ್ಟು ಕೊಡುಕೊಳ್ಳುವ ಪ್ರಯತ್ನವನ್ನು ಅವರು ಈ ಅತಿಚಾರವೆಂದು ಗುರುತಿಸುತ್ತಾರೆ. ಅಂದರೆ ಆಳುವವರ ಹಿಡಿತ ಸಡಿಲವಾದ ಹೊತ್ತಿನಲ್ಲಿ ಲಾಭಕ್ಕೆ ಕೈಚಾಚುವುದು ಕೂಡ ಕಳವೇ.

ಈ ವಿವರಣೆ ಎಷ್ಟು ಜೀವಂತವಾದುದು ಎಂಬುದನ್ನು 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳು ತೋರಿಸಿದವು. ಕೊರೊನಾದ ಎರಡನೆಯ ಅಲೆಯಲ್ಲಿ ಆಸ್ಪತ್ರೆಗಳಲ್ಲಿ ಹಾಸಿಗೆಗಳಿರಲಿಲ್ಲ, ಆಮ್ಲಜನಕದ ಸಿಲಿಂಡರುಗಳಿರಲಿಲ್ಲ. ರೆಮ್‌ಡೆಸಿವಿರ್ ಚುಚ್ಚುಮದ್ದು ಕಾಳಸಂತೆಗೆ ಹೋಯಿತು. ದೇಶದ ಅನೇಕ ಊರುಗಳಲ್ಲಿ ಅದನ್ನು ಹಲವು ಪಟ್ಟು ಬೆಲೆಗೆ ಮಾರುತ್ತಿದ್ದವರನ್ನು ಪೊಲೀಸರು ಹಿಡಿದರು. ಅವರಲ್ಲಿ ವೃತ್ತಿಗಳ್ಳರಿಗಿಂತ ಔಷಧ ವ್ಯಾಪಾರದ, ಆಸ್ಪತ್ರೆಗಳ ಒಳಗಿನವರೇ ಹಲವರಿದ್ದರು. ಅದೇ ದಿನಗಳಲ್ಲಿ ಉಚಿತವಾಗಿ ಅನ್ನ ಹಂಚಿದ, ಸಿಲಿಂಡರು ಹೊತ್ತು ಮನೆಮನೆಗೆ ಮುಟ್ಟಿಸಿದ ಶ್ರಾವಕರೂ ಅನ್ಯಮತೀಯರೂ ಲೆಕ್ಕವಿಲ್ಲದಷ್ಟು ಮಂದಿ ಇದ್ದರೆಂಬುದನ್ನು ಮರೆಯಬಾರದು. ಒಂದೇ ಪೇಟೆಯಲ್ಲಿ, ಒಂದೇ ವಾರದಲ್ಲಿ ಎರಡೂ ನಡೆದವು. ಕಾವಲಿನ ಕಣ್ಣು ತಪ್ಪಿದ್ದು ಇಬ್ಬರಿಗೂ ಸಮಾನವಾಗಿಯೇ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶ ಇಂತಹ ಮತ್ತೊಂದು ಕಾಲವನ್ನು ಕಂಡಿತ್ತು. ಧಾನ್ಯ, ಬಟ್ಟೆಗಳಿಗೆ ಕಂಟ್ರೋಲು, ಅದರ ಬೆನ್ನಿಗೆ ಕಾಳಸಂತೆ. ತೇರಾಪಂಥದ ಆಚಾರ್ಯ ತುಲಸಿಯವರು 1949ರ ಮಾರ್ಚ್‌ನಲ್ಲಿ ರಾಜಸ್ಥಾನದ ಸರ್ದಾರ್‌ಶಹರದಲ್ಲಿ ಅಣುವ್ರತ ಆಂದೋಲನವನ್ನು ಆರಂಭಿಸಿದುದು ಈ ಹಿನ್ನೆಲೆಯಲ್ಲಿ. ಕಲಬೆರಕೆ ಮಾಡುವುದಿಲ್ಲ, ಕಾಳಸಂತೆಯಲ್ಲಿ ಮಾರುವುದಿಲ್ಲ, ಲಂಚ ಮುಟ್ಟುವುದಿಲ್ಲ ಎಂಬಂತಹ ಸಂಕಲ್ಪಗಳನ್ನು ಅವರು ವ್ಯಾಪಾರಿಗಳ ಮುಂದಿಟ್ಟರು. ಮುಂದೆ ಚುನಾವಣೆಯಲ್ಲಿ ಅನೈತಿಕ ಮಾರ್ಗ ಹಿಡಿಯಬಾರದೆಂಬುದೂ ಅದರಲ್ಲಿ ಸೇರಿತು. ಜೈನನಾಗಿರಬೇಕೆಂಬ ನಿಬಂಧನೆ ಇರಲಿಲ್ಲ. ಯಾವ ಮತದವರೂ ಈ ಸಂಕಲ್ಪ ತೊಡಬಹುದಾಗಿತ್ತು. ಸಾವಿರಾರು ವರ್ಷಗಳ ಹಿಂದಿನ ಅತಿಚಾರಗಳ ಪಟ್ಟಿಯನ್ನು ಪಡಿತರದ ಕಾಲದ ಭಾಷೆಗೆ ತಂದ ಕೆಲಸವದು. ದಕ್ಷಿಣದ ದಿಗಂಬರ ಸಮಾಜದಲ್ಲಿ ಅದರ ಪ್ರಸ್ತಾಪ ಅಷ್ಟಾಗಿ ಆಗದಿರುವುದು ಪಂಥಭೇದದಿಂದಲೇ ಆಗಿದ್ದರೆ ವಿಷಾದದ ಸಂಗತಿ.

ತೆರಿಗೆಯ ಮಾತು ಬಂದೊಡನೆ ಒಂದು ಆಕ್ಷೇಪ ಏಳುತ್ತದೆ. ಸರ್ಕಾರವೇ ಸರಿಯಿಲ್ಲದಿರುವಾಗ, ಕಟ್ಟಿದ ಹಣ ಸೋರಿಹೋಗುತ್ತಿರುವಾಗ, ಕೊಡುವವನಿಗೆ ಮಾತ್ರ ಧರ್ಮವೇ ಎಂದು. ಆಕ್ಷೇಪದಲ್ಲಿ ಸತ್ಯಾಂಶವಿದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದಾಗ ಬೆಂಗಳೂರಿನ ಅನೇಕ ಅಂಗಡಿಗಳು ‘ನಗದು ಮಾತ್ರ’ ಎಂದು ಫಲಕ ತೂಗುಹಾಕಿದುದನ್ನು ಎಲ್ಲರೂ ನೋಡಿದ್ದಾರೆ. ಸರಕು ಮಾರುವವನ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಬೇಕು, ಆದರೆ ತಾಜಾ ತರಕಾರಿ ಹಣ್ಣುಗಳಿಗೆ ತೆರಿಗೆಯೇ ಇಲ್ಲ ಎಂಬ ಸರಳ ಸಂಗತಿಯನ್ನು ತಳ್ಳುಗಾಡಿಯವನಿಗೆ ಅವನ ಮಾತಿನಲ್ಲಿ ಯಾರೂ ಮೊದಲು ತಿಳಿಸಿರಲಿಲ್ಲ. ತಿಳಿಸುವ ಹೊಣೆ ರಾಜ್ಯದ್ದು. ಹತ್ತನೆಯ ಶತಮಾನದ ಜೈನಾಚಾರ್ಯ ಸೋಮದೇವಸೂರಿಗಳು ನೀತಿವಾಕ್ಯಾಮೃತದಲ್ಲಿ ಅನ್ಯಾಯದ ವಸೂಲಿಯನ್ನು ಹಣ್ಣಿಗಾಗಿ ಮರವನ್ನೇ ಕಡಿಯುವ ಕೆಲಸಕ್ಕೆ ಹೋಲಿಸಿ ಅರಸರನ್ನು ಎಚ್ಚರಿಸಿದ್ದರು. ಆದರೆ ಅದೇ ಸೋಮದೇವರು, ಸಕಲ ಪರಿಗ್ರಹವನ್ನು ತೊರೆದ ಮುನಿಗಳಾಗಿದ್ದರೂ, ತಮ್ಮ ಗ್ರಂಥದ ಸೂತ್ರಗಳನ್ನು ಆರಂಭಿಸುವುದು ರಾಜ್ಯಕ್ಕೆ ನಮಸ್ಕರಿಸುವುದರಿಂದ. ಧರ್ಮ, ಅರ್ಥ, ಕಾಮಗಳೆಂಬ ಫಲಗಳು ರಾಜ್ಯವೆಂಬ ಆಸರೆಯಿಂದಲೇ ಜನರಿಗೆ ದಕ್ಕುತ್ತವೆಂಬುದು ಅವರ ನಿಲುವು. ಅರಸನನ್ನು ಟೀಕಿಸಬಲ್ಲವನೇ ರಾಜ್ಯಕ್ಕೆ ಕೈಮುಗಿಯಲೂ ಬಲ್ಲ. ಸರ್ಕಾರದ ತಪ್ಪನ್ನು ಎತ್ತಿ ತೋರಿಸಲು ಸಭೆಯಿದೆ, ನ್ಯಾಯಾಲಯವಿದೆ, ಮತಪೆಟ್ಟಿಗೆಯಿದೆ. ಕಚ್ಚಾ ಚೀಟಿಯಲ್ಲಿ ಮಾಲು ಮಾರಿ ಉಳಿಸಿಕೊಂಡ ಹಣದಿಂದ ಯಾವ ಸರ್ಕಾರವೂ ತಿದ್ದಿಕೊಂಡದ್ದಿಲ್ಲ. ಅದರಲ್ಲಿಯೂ ಗಿರಾಕಿಯಿಂದ ತೆರಿಗೆಯನ್ನು ಸೇರಿಸಿಯೇ ವಸೂಲು ಮಾಡಿ, ಕಟ್ಟದೆ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಆ ಹಣ ಯಾರದು? ಗಿರಾಕಿ ಅದನ್ನು ಕೊಟ್ಟದ್ದು ಅಂಗಡಿಯವನಿಗಲ್ಲ. ಹಳ್ಳಿಯ ಆರೋಗ್ಯ ಕೇಂದ್ರದ ಔಷಧಕ್ಕೋ ಅಂಗನವಾಡಿಯ ಮಗುವಿನ ಹಾಲಿಗೋ ಹೋಗಬೇಕಾದುದು ಅದು.

ಕನ್ನಡ ನಾಡಿನ ಜೈನರ ಚರಿತ್ರೆಯಲ್ಲಿ ಈ ಕುರಿತು ಒಂದು ಅಪೂರ್ವ ದಾಖಲೆಯಿದೆ. 1368ರ ಬುಕ್ಕರಾಯನ ಶ್ರವಣಬೆಳಗೊಳದ ಶಾಸನವನ್ನು ಮತಸಾಮರಸ್ಯದ ಕುರುಹಾಗಿ ಶಾಲೆಯ ಮಕ್ಕಳೂ ಬಲ್ಲರು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಬೆಳೆದಾಗ ಜೈನರು ಅರಸನ ಬಳಿ ಮೊರೆಯಿಟ್ಟರು. ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ ತೀರ್ಪಿತ್ತನು. ಆದರೆ ಅದೇ ಶಾಸನದ ಮುಂದಿನ ಭಾಗವನ್ನು ಗಮನಿಸಿದವರು ಕಡಿಮೆ. ರಾಜ್ಯದಲ್ಲಿರುವ ಜೈನರೆಲ್ಲರೂ ತಮ್ಮ ಒಪ್ಪಿಗೆಯಿಂದ ವರ್ಷಕ್ಕೆ ಮನೆಯೊಂದಕ್ಕೆ ಒಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ನೆನ್ನೆಯವರೆಗೆ ಎದುರಾಳಿಯಾಗಿದ್ದ ಪಕ್ಷದವನ ಕೈಗೆ, ಬಡವ ಬಲ್ಲಿದನೆನ್ನದೆ ಬಾಗಿಲಿಗೊಂದರಂತೆ ಹಣ ಒಪ್ಪಿಸಲು ಆ ಕಾಲದ ಶ್ರಾವಕರು ಒಪ್ಪಿದರು. ಈ ಕಟ್ಟಳೆಯನ್ನು ಕೆಡಿಸಿದವನನ್ನು ಶಾಸನವು ರಾಜದ್ರೋಹಿ ಎಂದಷ್ಟೇ ಕರೆದು ನಿಲ್ಲುವುದಿಲ್ಲ. ಸಂಘಕ್ಕೂ ಸಮುದಾಯಕ್ಕೂ ದ್ರೋಹಿ ಎನ್ನುತ್ತದೆ. ಹಣ ತಪ್ಪಿಸಿದವನು ಅರಸನ ಬೊಕ್ಕಸವನ್ನಲ್ಲ, ಪಕ್ಕದ ಮನೆಯವನನ್ನು ವಂಚಿಸುತ್ತಾನೆಂಬ ತಿಳಿವು ಆರೂವರೆ ಶತಮಾನಗಳ ಹಿಂದೆಯೇ ಕಲ್ಲಿನ ಮೇಲಿತ್ತು.

ಇನ್ನು ವ್ಯಕ್ತಿಯ ನೆಮ್ಮದಿ. ವ್ರತಿಯಾಗಬೇಕಾದವನು ಶಲ್ಯರಹಿತನಾಗಿರಬೇಕೆಂಬುದು ಉಮಾಸ್ವಾಮಿಗಳ ಶರತ್ತು. ಶಲ್ಯವೆಂದರೆ ಮೈಯಲ್ಲಿ ಮುರಿದು ಉಳಿದ ಮುಳ್ಳು. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಲ್ಲಿ ಮಾಯೆಯೆಂದರೆ ಕಪಟ, ಒಳಗೊಂದು ಹೊರಗೊಂದು. ಎರಡು ಲೆಕ್ಕದ ಪುಸ್ತಕಗಳನ್ನು ಇಟ್ಟವನ ಬದುಕನ್ನು ನೋಡಿದರೆ ಈ ಉಪಮೆಯ ಸಾರ್ಥಕತೆ ತಿಳಿಯುತ್ತದೆ. ಯಾವ ಗಿರಾಕಿಗೆ ಯಾವ ಚೀಟಿ ಕೊಟ್ಟದ್ದು, ಯಾವ ಗುಮಾಸ್ತನಿಗೆ ಎಷ್ಟು ಗೊತ್ತು, ಆ ಗುಮಾಸ್ತ ಮುನಿಸಿಕೊಂಡು ಕೆಲಸ ಬಿಟ್ಟರೆ ಏನು ಗತಿ ಎಂಬ ಎಣಿಕೆ ಅವನಲ್ಲಿ ನಿರಂತರ. ನಲವತ್ತೆಂಟು ನಿಮಿಷದ ಸಾಮಾಯಿಕಕ್ಕೆ ಕಣ್ಣು ಮುಚ್ಚಿದರೆ ಕಾಣುವುದು ಜಿನಬಿಂಬವಲ್ಲ, ಕಪಾಟಿನ ಹಿಂದಿನ ಪುಸ್ತಕ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರೆಲ್ಲ ಕಪಟಿಗಳೆಂದು ಹೇಳುವುದು ಅವಿವೇಕವಾದೀತು. ಆದರೆ ಯೋಗ ಶಿಬಿರಕ್ಕೆ, ಧ್ಯಾನ ಕೇಂದ್ರಕ್ಕೆ ಹಣ ತೆತ್ತು ಹುಡುಕುವ ಶಾಂತಿ, ಒಂದು ಪುಸ್ತಕವನ್ನು ಮುಚ್ಚಿದರೆ ದೊರೆಯುವುದಾಗಿದ್ದಲ್ಲಿ ಅದನ್ನು ಮೊದಲು ಮುಚ್ಚಿ ನೋಡುವುದು ಮೇಲಲ್ಲವೇ?

ದಾನದಿಂದ ಇದೆಲ್ಲ ತೊಳೆದುಹೋಗುತ್ತದೆಂಬ ನಂಬಿಕೆಯೊಂದು ಬೇರೂರಿದೆ. ಪಂಡಿತ ಆಶಾಧರರು ಹದಿಮೂರನೆಯ ಶತಮಾನದ ತಮ್ಮ ಸಾಗಾರಧರ್ಮಾಮೃತದಲ್ಲಿ ಗೃಹಸ್ಥಧರ್ಮಕ್ಕೆ ಅರ್ಹನಾದವನ ಲಕ್ಷಣಗಳನ್ನು ಹೇಳುವಾಗ ಮೊದಲು ಹೇಳುವುದು ನ್ಯಾಯದಿಂದ ಧನ ಗಳಿಸಿದವನು ಎಂಬುದನ್ನು. ಶ್ವೇತಾಂಬರಾಚಾರ್ಯ ಹೇಮಚಂದ್ರರ ಯೋಗಶಾಸ್ತ್ರದಲ್ಲಿ ಇಂತಹ ಮೂವತ್ತೈದು ಗುಣಗಳ ಪಟ್ಟಿಯಿದೆ. ಅಲ್ಲಿಯೂ ಮೊದಲನೆಯದು ನ್ಯಾಯಾರ್ಜಿತ ಸಂಪತ್ತೇ. ಇಬ್ಬರೂ ಮೊದಲು ಕೇಳಿದ್ದು ಎಷ್ಟು ಕೊಟ್ಟನೆಂದಲ್ಲ, ಎಲ್ಲಿಂದ ಬಂತೆಂದು. ಅಭಿಷೇಕದ ಮೊದಲ ಕಲಶಕ್ಕೆ ಸವಾಲು ಕೂಗುವಾಗ ಈ ಕ್ರಮ ತಲೆಕೆಳಗಾಗುತ್ತದೆ. ಅತಿ ಹೆಚ್ಚು ಕೂಗಿದವನಿಗೆ ಹಾರ, ಶಾಲು, ಚಪ್ಪಾಳೆ. ಶುದ್ಧ ಬಿಲ್ಲಿನಲ್ಲಿ ವ್ಯಾಪಾರ ಮಾಡಿ, ಕಡಿಮೆ ಲಾಭ ಉಳಿದು, ಸವಾಲಿನಲ್ಲಿ ಬಾಯಿ ತೆರೆಯಲಾಗದೆ ಹಿಂದಿನ ಸಾಲಿನಲ್ಲಿ ಕುಳಿತವನ ಹೆಸರು ಧ್ವನಿವರ್ಧಕದಲ್ಲಿ ಬರುವುದಿಲ್ಲ. ಅವನ ಮಗ ಇದನ್ನು ನೋಡುತ್ತಾನೆ. ಏನು ಕಲಿಯಬೇಕೋ ಕಲಿಯುತ್ತಾನೆ.

ವ್ಯಾಪಾರಿಗೆ ಇದು ಸಾಧ್ಯವೇ ಎಂದು ಕೇಳುವವರು ಶ್ರೀಮದ್ ರಾಜಚಂದ್ರರನ್ನು ನೆನೆಯಬಹುದು. 1891ರಲ್ಲಿ ಇಂಗ್ಲೆಂಡಿನಿಂದ ಮರಳಿದ ಗಾಂಧೀಜಿಗೆ ಮುಂಬಯಿಯಲ್ಲಿ ಪರಿಚಯವಾದಾಗ ಅವರು ಮುತ್ತು ವಜ್ರಗಳ ವ್ಯಾಪಾರದಲ್ಲಿದ್ದ ಯುವಕ. ಲಕ್ಷಾಂತರ ರೂಪಾಯಿಗಳ ವ್ಯವಹಾರ ಮುಗಿದೊಡನೆ ಮೇಜಿನ ಮೇಲಿದ್ದ ಧರ್ಮಗ್ರಂಥವನ್ನೋ ತಮ್ಮ ಟಿಪ್ಪಣಿ ಪುಸ್ತಕವನ್ನೋ ತೆರೆಯುತ್ತಿದ್ದರೆಂದು ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಒಂದೇ ಮೇಜಿನ ಮೇಲೆ ವ್ಯಾಪಾರವೂ ಧರ್ಮಗ್ರಂಥವೂ ಇರಲು ಸಾಧ್ಯವಾದುದು ಅವೆರಡರ ನಡುವೆ ಬಚ್ಚಿಡಬೇಕಾದುದು ಇರಲಿಲ್ಲವಾದ್ದರಿಂದ.

ಆರಂಭವನ್ನು ಬಸದಿಗಳ ಆಡಳಿತ ಸಮಿತಿಗಳೇ ಮಾಡಬಹುದು. ಸಮಿತಿಯ ಕಲ್ಯಾಣ ಮಂಟಪದ ಬಾಡಿಗೆಯಲ್ಲಿ ರಸೀದಿ ಹರಿಯುವುದು ಎಷ್ಟಕ್ಕೆ, ಕೈಗೆ ಪಡೆಯುವುದು ಎಷ್ಟು ಎಂಬುದು ಒಂದೇ ಸಂಖ್ಯೆಯಾಗಿದೆಯೇ? ಜೀರ್ಣೋದ್ಧಾರದ ಗುತ್ತಿಗೆದಾರನಿಗೆ ‘ಬಿಲ್ಲು ಬೇಡ, ಅಷ್ಟು ಕಡಿಮೆ ಮಾಡಿಕೊಡಿ’ ಎಂದು ಹೇಳುವವರು ಯಾರು? ದಶಲಕ್ಷಣದಲ್ಲಿ ಉತ್ತಮ ಶೌಚದ ದಿನ ಲೋಭತ್ಯಾಗದ ಕುರಿತು ಪ್ರವಚನ ಇದ್ದೇ ಇರುತ್ತದೆ. ಆ ದಿನ ಅಚೌರ್ಯದ ಐದು ಅತಿಚಾರಗಳನ್ನೂ ಹೆಸರು ಹಿಡಿದು ಓದಿಸಿ, ಅದೇ ಊರಿನ ಒಬ್ಬ ವ್ಯಾಪಾರಿಯನ್ನೂ ಒಬ್ಬ ಲೆಕ್ಕಪರಿಶೋಧಕನನ್ನೂ ವೇದಿಕೆಗೆ ಕರೆದು ಶ್ರಾವಕರ ಪ್ರಶ್ನೆಗಳಿಗೆ ಉತ್ತರ ಹೇಳಿಸಬಹುದು. ಪ್ರವಚನ ಮುಗಿದು ಜನ ಹೊರಬರುವಾಗ ಬಸದಿಯ ಆ ವರ್ಷದ ಜಮಾಖರ್ಚಿನ ಪ್ರತಿ ಸೂಚನಾಫಲಕದ ಮೇಲೆ, ಎಲ್ಲರೂ ಓದುವಷ್ಟು ದೊಡ್ಡ ಅಕ್ಷರಗಳಲ್ಲಿ ಅಂಟಿಸಿರಲಿ.